ಕಿರಿಯ ಮಿಷನರಿಗಳು ಸೇವೆ ಬಿಟ್ಟು ಹೋಗದಂತೆ ಹಿರಿಯರು ಏನು ಮಾಡಬೇಕು?

ಸೇವೆ ಬಿಟ್ಟು ಬಂದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಭಾಷೆ, ಊಟಕ್ಕಿಂತ ಜಾಸ್ತಿ ಅವರನ್ನು ನೋಯಿಸಿದ್ದು ಜೊತೆಯ ಮಿಷನರಿಗಳೇ. ಇದೇನು ಹೊಸದಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ 1834ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲೆಂಡಿಗೆ ಮರಳಲಿಲ್ಲ. ಆದರೆ ಅವರ ತಮ್ಮನ ಮಗ ಯೂಸ್ಟೇಸ್ ಮತ್ತಿತರ ಕಿರಿಯರು ಕಲ್ಕತ್ತಾ ಹತ್ತಿರದ ಸೆರಾಂಪುರದಲ್ಲಿ ಕೇರಿ ಮತ್ತಿತರ ಹಿರಿಯರು ನಡೆಸುತ್ತಿದ್ದ ಮಿಷನ್ ಜೊತೆ ಹೊಂದಲಾಗದೆ, ಕಲ್ಕತ್ತಾದಲ್ಲಿ ಬೇರೆ ಮಿಷನ್ ಕಟ್ಟಿಕೊಂಡರು.

ಹಾಗಾಗಿ ಮೊದಲು ತೀರ್ಮಾನದಲ್ಲಿ ಕಿರಿಯರಿಗೂ ಪಾಲು ಕೊಡಿ. ಲೆಕ್ಕದ ಪುಸ್ತಕ ಅವರ ಮುಂದೆಯೇ ತೆರೆಯಿರಿ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅನ್ನೋ ಮಾತು ಬೇಡವೇ ಬೇಡ. ರಜೆ ಕೇಳಿದವರ ಭಕ್ತಿ ಅಳೆಯಬೇಡಿ. ದಣಿವು ಬೇರೆ, ನಂಬಿಕೆ ಬೇರೆ, ಅಲ್ವಾ? ದಂಪತಿಗಳಾದರೆ ಹೆಂಡತಿಯನ್ನು ಪ್ರತ್ಯೇಕವಾಗಿ ವಿಚಾರಿಸಿ. ಗಂಡನ ಉತ್ತರವಷ್ಟೇ ಸಾಲದು. ಇಷ್ಟಾದರೂ ಹೊರಟರೆ, ಪ್ರಾರ್ಥಿಸಿ, ಮರ್ಯಾದೆಯಿಂದ ಕಳಿಸಿಕೊಡಿ.