ಕೋಜಾಗರಿ ಲಕ್ಷ್ಮೀಪೂಜೆಗೆ ಬಂಗಾಳಿ ಆಲ್ಪನಾ ಬಿಡಿಸುವ ಬಗೆ

ವಿಜಯದಶಮಿ ಕಳೆದು ಐದನೇ ತಿಥಿ, ಆಶ್ವಯುಜದ ಹುಣ್ಣಿಮೆ. ನಮ್ಮಲ್ಲಿ ಶೀಗಿ ಹುಣ್ಣಿಮೆ; ಬಂಗಾಳದಲ್ಲಿ, ಅದರಲ್ಲೂ ಪೂರ್ವಬಂಗಾಳ ಮೂಲದವರ ಮನೆಗಳಲ್ಲಿ, ಕೋಜಾಗರಿ ಲಕ್ಷ್ಮೀಪೂಜೆ. 'ಯಾರು ಎಚ್ಚರವಾಗಿದ್ದೀರಿ' ಎಂದು ಕೇಳುತ್ತಾ ಲಕ್ಷ್ಮಿ ಆ ರಾತ್ರಿ ಮನೆಮನೆ ಸುತ್ತುತ್ತಾಳಂತೆ. ಅವಳು ಒಳಗೆ ಬರುವ ದಾರಿಯೇ ಆಲ್ಪನಾ. ರಂಗೋಲಿಯ ಹಾಗೆ ಒಣಪುಡಿಯಲ್ಲ, ಚುಕ್ಕಿ ಲೆಕ್ಕವೂ ಇಲ್ಲ. ಅಕ್ಕಿಹಿಟ್ಟಿನ ನೀರಲ್ಲಿ ಬೆರಳಿನಿಂದ ಎಳೆಯುವ ಗೆರೆ.

ಒಂದು ಲೋಟ ಬೆಳ್ತಿಗೆ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಹಾಕಿ. ಕುಸುಬಲಕ್ಕಿ ಬೇಡ, ಬಿಳುಪು ಬರುವುದಿಲ್ಲ. ರಾತ್ರಿಯಿಡೀ ನೆನೆಸಿದರೆ ಹುಳಿ ವಾಸನೆ ಹಿಡಿಯುತ್ತದೆ. ನುಣ್ಣಗೆ ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ನೀರು ಸೇರಿಸಿ. ಇದೇ 'ಪಿಟುಲಿ'.

ಹೊಸಬರು ಎಡವುವುದು ಇಲ್ಲಿಯೇ. ಹಸಿ ಗೆರೆ ನೆಲದ ಮೇಲೆ ಕಂಡೂ ಕಾಣದಂತಿರುತ್ತದೆ. ತೆಳುವಾಯಿತೆಂದು ಇನ್ನಷ್ಟು ಹಿಟ್ಟು ಕಲಸುತ್ತಾರೆ. ಒಣಗಿದ ಮೇಲೆ ಆ ದಪ್ಪ ಗೆರೆ ಬಿರಿದು ಚಕ್ಕೆಚಕ್ಕೆಯಾಗಿ ಏಳುತ್ತದೆ. ಮೂಲೆಯಲ್ಲಿ ಒಂದು ಗೆರೆ ಎಳೆದು ಹತ್ತು ನಿಮಿಷ ಕಾಯಿರಿ, ಬಿಳುಪು ತಾನಾಗಿ ಮೇಲೆ ಬರುತ್ತದೆ. ಹಿಟ್ಟು ತಳಕ್ಕೆ ಇಳಿಯುವುದರಿಂದ ಆಗಾಗ ಕದಡುತ್ತಿರಬೇಕು.

ಸಗಣಿ ಸಾರಿಸಿದ ಮಣ್ಣಿನ ನೆಲ ಎಲ್ಲಕ್ಕಿಂತ ಒಳ್ಳೆಯದು, ಹಳೆಯ ಕೊಲ್ಕತ್ತಾ ಮನೆಗಳ ಕೆಂಪು ಗಾರೆ ನೆಲವೂ ಸರಿ. ಹೊಳಪಿನ ಟೈಲ್ಸ್ ನೀರು ಹೀರುವುದಿಲ್ಲ, ಗೆರೆ ಹನಿಹನಿಯಾಗಿ ಒಡೆಯುತ್ತದೆ. ಅಂಥ ಮನೆಯಲ್ಲಿ ಮರದ ಮಣೆಯ ಮೇಲೆ ಬಿಡಿಸುವುದು ಲೇಸು.

ಹಳೆಯ ಹತ್ತಿಬಟ್ಟೆಯ ಅಂಗೈಗಿಂತ ಚಿಕ್ಕ ತುಂಡನ್ನು ಪಿಟುಲಿಯಲ್ಲಿ ಅದ್ದಿ, ಹೆಬ್ಬೆರಳು, ತೋರುಬೆರಳು, ನಡುಬೆರಳ ನಡುವೆ ಹಿಡಿಯಿರಿ. ಮೆಲ್ಲಗೆ ಒತ್ತಿದರೆ ಹಿಟ್ಟಿನ ನೀರು ಉಂಗುರ ಬೆರಳಿನ ಗುಂಟ ಇಳಿಯುತ್ತದೆ. ಆ ಬೆರಳ ತುದಿಯೇ ಕುಂಚ. ಒತ್ತು ಒಂದೇ ಸಮವಿದ್ದರೆ ಗೆರೆಯೂ ಸಮ. ಬಾಗುವುದು ಮಣಿಕಟ್ಟು, ಬೆರಳಲ್ಲ.

ಮೊದಲು ಪೂಜೆಯ ಜಾಗದಲ್ಲಿ ಪದ್ಮ, ಅದರ ಸುತ್ತ ಬಳ್ಳಿ. ಆಮೇಲೆ ಹೆಜ್ಜೆಗಳು. ಇಂಗ್ಲಿಷಿನ ಎಸ್ ಅಕ್ಷರದಂಥ ಒಂದು ಬಳುಕು ಗೆರೆ, ಪಕ್ಕದಲ್ಲಿ ಅದರ ಕನ್ನಡಿ ಬಿಂಬ, ಮೇಲೆ ಐದೈದು ಚುಕ್ಕಿ. ಹೆಬ್ಬೆರಳಿನ ಚುಕ್ಕಿ ಒಳಬದಿಗೆ, ದೊಡ್ಡದಾಗಿ. ಬೆರಳುಗಳು ಯಾವಾಗಲೂ ಮನೆಯೊಳಗೆ ಮುಖ ಮಾಡಿರಬೇಕು. ಪೂಜೆಯ ಕಡೆಗೆ ಮುಖ ಮಾಡಿ ಕೂತು, ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿನವರೆಗೆ ಬಂದರೆ ದಿಕ್ಕು ತಪ್ಪುವುದಿಲ್ಲ, ಸೆರಗು ತಗುಲಿ ಹಸಿ ಗೆರೆ ಅಳಿಸುವುದೂ ಇಲ್ಲ. ಕಣಜಕ್ಕೆ, ಹಣದ ಪೆಟ್ಟಿಗೆಗೆ ಬೇರೆ ಜೋಡಿ ಹೆಜ್ಜೆ ಹಾಕುತ್ತಾರೆ. ಹೆಜ್ಜೆಗಳ ನಡುವೆ ಭತ್ತದ ತೆನೆ ಇರಲೇಬೇಕು: ಒಂದು ಬಾಗಿದ ಕಡ್ಡಿ, ಎರಡೂ ಬದಿಗೆ ಸಣ್ಣ ಸಣ್ಣ ಕಾಳಿನ ಒತ್ತು. ಜಾಗ ಉಳಿದರೆ ಶಂಖ, ಲಕ್ಷ್ಮಿಯ ವಾಹನ ಗೂಬೆ.

ಮಲೆನಾಡಿನವರಿಗೆ ಇದು ತೀರಾ ಪರಕೀಯ ಅನ್ನಿಸದು. ಇದೇ ಹುಣ್ಣಿಮೆಗೆ ದೀವರು ಸಮುದಾಯದ ಮನೆಗಳಲ್ಲಿ, ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಅಲ್ಲಿ ನಾರಿನ ಕುಂಚ, ಇಲ್ಲಿ ಬೆರಳು.

ಮಧ್ಯಾಹ್ನದೊಳಗೆ ಬಿಡಿಸಿ ಮುಗಿಸಿದರೆ ಸಂಜೆಯ ಪೂಜೆ ಹೊತ್ತಿಗೆ ಪೂರ್ತಿ ಒಣಗಿರುತ್ತದೆ. ಪೂಜೆಯಲ್ಲಿ ಶಂಖ ಊದುತ್ತಾರೆ, ಹೆಂಗಸರು ನಾಲಿಗೆ ಆಡಿಸಿ ಉಲುಧ್ವನಿ ಎಂಬ ಮಂಗಳಧ್ವನಿ ಮಾಡುತ್ತಾರೆ, ಗಂಟೆ ಮಾತ್ರ ಬಾರಿಸುವುದಿಲ್ಲ. ಲಕ್ಷ್ಮಿಗೆ ಗದ್ದಲ ಆಗದು ಎನ್ನುತ್ತಾರೆ. ನೈವೇದ್ಯಕ್ಕೆ ತೆಂಗಿನಕಾಯಿಯ ನಾಡು, ಅಂದರೆ ಕಾಯಿ ಬೆಲ್ಲದ ಉಂಡೆ.

ಅಕ್ಕಿಹಿಟ್ಟಿಗೆ ಇರುವೆ ಬರುತ್ತದೆ. ಮಣ್ಣಿನ ನೆಲದಲ್ಲಿ ತಾನಾಗಿ ಮಾಸಲು ಬಿಡಿ. ಗಾರೆ ನೆಲವಾದರೆ ಒದ್ದೆಬಟ್ಟೆ ಹಾಸಿ ಐದು ನಿಮಿಷ ಬಿಟ್ಟು ಒರೆಸಿ. ಒಣಗಿದ ಹಿಟ್ಟನ್ನು ಕೆರೆದರೆ ನೆಲಕ್ಕೆ ಗೀರು ಬೀಳುತ್ತದೆ.