ತಲಪಾಡಿಯಿಂದ ಕಾಲಿಕ್ಕಡವಿನವರೆಗೆ: ಟೂರಿಂಗ್ ಬೈಕಿಗೆ ರೇಡಿಯೋ ಕೂರಿಸುವ ಕ್ರಮ

ಮೊದಲೇ ಹೇಳಿಬಿಡುವ, ಉಪಗ್ರಹ ರೇಡಿಯೋದ ಆಸೆ ಇಲ್ಲಿ ಬೇಡ. ವರ್ಲ್ಡ್‌ಸ್ಪೇಸ್ 2009ರ ಕೊನೆಗೆ ಭಾರತದಲ್ಲಿ ಅಂಗಡಿ ಮುಚ್ಚಿತು. ಸಿರಿಯಸ್ ಎಕ್ಸ್‌ಎಂ ಇರುವುದು ಅಮೆರಿಕ, ಕೆನಡಾಗಳ ಕಡೆಯವರಿಗೆ. ಅದರ ಟ್ಯೂನರನ್ನು ಯಾರಾದರೂ ಹೊರಗಿನಿಂದ ತಂದುಕೊಟ್ಟರೂ ಕುಂಬಳೆಯಲ್ಲಿ ಅದು ಬರೀ ಡಬ್ಬಿ. ನಮ್ಮ ಕಾಸರಗೋಡಿನ ರಸ್ತೆಗೆ ಎಫ್‌ಎಂ ಮತ್ತು ಬ್ಲೂಟೂತ್ ಎರಡೂ ಇರುವ, ನೀರಿಗೆ ಹೆದರದ ಸೆಟ್ ಸಾಕು. ಫಿಟ್ಟಿಂಗ್ ಕೆಲಸದಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ, ಬದಲಾಗುವುದು ಆಂಟೆನಾ ಒಂದೇ.

ದೋಣಿಗಳಿಗೆಂದು ಮಾಡಿದ ಮರೈನ್ ಸೆಟ್ ತೆಗೆದುಕೊಳ್ಳಿ, ಮೇಲೆ ಐಪಿ66 ಎಂದು (ಧೂಳು, ರಭಸದ ನೀರು ಒಳಗೆ ಹೋಗದು ಎಂಬ ಗುರುತು) ಇರಬೇಕು. ಕಾರಿನ ಸೆಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಮಳೆಗಾಲದ ಆಟಿ ತಿಂಗಳು ದಾಟುವುದಿಲ್ಲ. ಸ್ಪೀಕರ್ 4 ಇಂಚಿನದ್ದು, 4 ಓಮ್, ಎರಡು. ಕೋನ್ ಪ್ಲಾಸ್ಟಿಕ್‌ನದ್ದೇ ಆಗಬೇಕು, ಕಾಗದದ್ದು ಜೂನ್‌ನಲ್ಲಿ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಇವಲ್ಲದೆ ಒಂದೂವರೆ ಸ್ಕ್ವೇರ್‌ನ (ಚದರ ಮಿಲಿಮೀಟರ್) ಮಲ್ಟಿಸ್ಟ್ರ್ಯಾಂಡ್, ಎಂದರೆ ಹಲವು ಎಳೆಯ ವಯರ್ ಕೆಂಪು ಮೂರು ಮೀಟರ್, ಕಪ್ಪು ಮೂರು ಮೀಟರ್, ಸ್ಪೀಕರಿಗೆ ಮುಕ್ಕಾಲು ಸ್ಕ್ವೇರ್‌ನ ಜೋಡಿ ವಯರ್, 12 ವೋಲ್ಟ್ 30 ಆಂಪ್‌ನ ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್), ರಬ್ಬರ್ ಮುಚ್ಚಳದ ಫ್ಯೂಸ್ ಹೋಲ್ಡರ್, ರಿಂಗ್ ಲಗ್, ಹೀಟ್ ಶ್ರಿಂಕ್ ಮತ್ತು ಸಿಲಿಕಾನ್ ಗ್ರೀಸ್ ಬೇಕು. ಮನೆಯ ವಯರಿಂಗಿನಲ್ಲಿ ಉಳಿದ ಗಟ್ಟಿ ತಂತಿ ಬೇಡ. ಬೈಕಿನ ನಡುಕಕ್ಕೆ ಅದು ಒಳಗೊಳಗೇ ತುಂಡಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಸೀಟು ತೆಗೆದು ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಕೊನೆಗೆ ಜೋಡಿಸುವುದೂ ಅದನ್ನೇ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ಆಗುವ ಬೆಂಕಿಕಿಡಿ ಹೀಗೆ ಮಾಡಿದರೆ ತಪ್ಪುತ್ತದೆ.

ಬ್ಯಾಟರಿ ಪಾಸಿಟಿವ್‌ನಿಂದ ಕೆಂಪು ವಯರ್ ಎಳೆದು, ಒಂದು ಗೇಣಿನೊಳಗೇ ಫ್ಯೂಸ್ ಕೂರಿಸಿ. ಫ್ಯೂಸ್ ದೂರ ಇದ್ದರೆ ನಡುವಿನ ವಯರಿಗೆ ರಕ್ಷಣೆಯೇ ಇಲ್ಲ. ಅಲ್ಲಿಂದ ರಿಲೇಯಲ್ಲಿ 30 ಎಂದು ಬರೆದ ಕಾಲಿಗೆ. 87ರಿಂದ ಸೆಟ್ಟಿಗೆ, 85 ಅರ್ತಿಗೆ, 86 ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವಯರಿಗೆ. ಹಿಂದಿನ ಲೈಟಿನ ವಯರ್ ಇದಕ್ಕೆ ಅನುಕೂಲ. ಮಲ್ಟಿಮೀಟರ್ ಹಿಡಿದು ನೋಡಿ: ಕೀ ಆನ್ ಮಾಡಿದಾಗ 12ರ ಆಸುಪಾಸು, ಆಫ್ ಮಾಡಿದಾಗ ಸೊನ್ನೆ. ರಿಲೇ ಏಕೆ ಎಂದರೆ, ರೇಡಿಯೋದ ಭಾರವನ್ನೆಲ್ಲ ಬೈಕಿನ ತೆಳು ವಯರು, ಕೀ ಸ್ವಿಚ್ಚುಗಳ ಮೇಲೆ ಹೊರಿಸಬಾರದು. ಚಾನೆಲ್ಲಿಗೆ 20 ವ್ಯಾಟಿನ ಸೆಟ್ಟಾದರೆ 5 ಆಂಪ್ ಫ್ಯೂಸ್ ಸಾಕು. ಜೋರಾಗಿ ಇಟ್ಟಾಗ ಅದು ಹಾರಿದರೆ 7.5 ಹಾಕಿ. ಅದೂ ಹಾರಿದರೆ ತಪ್ಪು ಫ್ಯೂಸಿನದ್ದಲ್ಲ, ಎಲ್ಲೋ ವಯರ್ ಸವೆದು ಚಾಸಿಗೆ ತಾಗುತ್ತಿದೆ.

ಸೆಟ್ಟಿನಿಂದ ಬರುವ ಹಳದಿ ವಯರ್ ಸ್ಟೇಷನ್ ನೆನಪಿಡಲಿಕ್ಕೆ. ಅದನ್ನು ನೇರ ಬ್ಯಾಟರಿಗೆ ಕೊಟ್ಟರೆ ಬೈಕ್ ನಿಂತಿದ್ದಾಗಲೂ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. 5 ಮಿಲಿಆಂಪ್ ಎಂದೇ ಇಟ್ಟುಕೊಂಡರೂ ತಿಂಗಳಿಗೆ 3.6 ಆಂಪ್‌ಅವರ್, 8 ಆಂಪ್‌ಅವರ್ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ ಹೋಯಿತು. ಬೈಕನ್ನು ಜಗಲಿ ಬದಿಯಲ್ಲಿ ನಿಲ್ಲಿಸಿ ಗಲ್ಫಿಗೆ ಹೋಗುವವರು ಹಳದಿ, ಕೆಂಪು ಎರಡನ್ನೂ ಒಟ್ಟಿಗೆ 87ಕ್ಕೇ ಕೊಡಿ. ಕೆಲವು ಸೆಟ್‌ಗಳು ಸ್ಟೇಷನ್ ಮರೆಯುತ್ತವೆ, ಮರೆಯಲಿ.

ಸ್ಪೀಕರಿನ ಮೈನಸ್ ವಯರನ್ನು ಚಾಸಿಗೆ ಕೊಟ್ಟು ವಯರ್ ಉಳಿಸುವವರು ಉಂಟು. ಇವತ್ತಿನ ಸೆಟ್‌ಗಳಲ್ಲಿ ಆ ಮೈನಸ್‌ನಲ್ಲೂ ಆಂಪ್ಲಿಫಯರಿನ ವೋಲ್ಟೇಜ್ ಇರುತ್ತದೆ. ಅರ್ತಿಗೆ ತಾಗಿಸಿದರೆ ಒಳಗಿನ ಐಸಿ ಸುಡುತ್ತದೆ. ಪ್ರತಿ ಸ್ಪೀಕರಿಗೂ ಎರಡೆರಡು ವಯರ್ ಸೆಟ್ಟಿನಿಂದಲೇ ಬರಬೇಕು.

ಈಗ ಆಂಟೆನಾ. ಆಕಾಶವಾಣಿ ಮಂಗಳೂರು 100.3ರಲ್ಲಿ, ಕಣ್ಣೂರು 101.5ರಲ್ಲಿ. ಈ ತರಂಗದ ಕಾಲು ಭಾಗ ಎಂದರೆ ಸುಮಾರು 75 ಸೆಂಟಿಮೀಟರ್. ಆ ಉದ್ದದ ಕಡ್ಡಿ ನೆಟ್ಟಗೆ ನಿಂತರೆ ಚೆನ್ನಾಗಿ ಹಿಡಿಯುತ್ತದೆ. ಹೆಬ್ಬೆರಳು ಗಾತ್ರದ ಆಂಟೆನಾ ನೋಡಲು ಚಂದ, ಬದಿಯಡ್ಕ ದಾಟಿ ಗುಡ್ಡದ ಸೆರೆಗೆ ಇಳಿದರೆ ಬರೀ ಕರಕರ. ಕಾರಿಗಾದರೆ ತಗಡಿನ ಮಾಡು ಉಂಟು, ಆಂಟೆನಾಕ್ಕೆ ಅದೇ ನೆಲ. ಬೈಕಿಗೆ ಅದಿಲ್ಲ. ಹಾಗಾಗಿ ಆಂಟೆನಾದ ಬುಡ, ಕೇಬಲಿನ ಹೊರ ಜಾಲರಿ ಎರಡೂ ಚಾಸಿಯ ಬರಿ ಲೋಹಕ್ಕೆ ಕಚ್ಚಬೇಕು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಪೇಂಟನ್ನು ಹೊಳೆಯುವವರೆಗೆ ಕೆರೆದು, ಲಗ್ ಇಟ್ಟು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ಪೇಂಟಿನ ಮೇಲೆಯೇ ಬಿಗಿದ ಅರ್ತ್ ಅರ್ತೇ ಅಲ್ಲ.

ಸದ್ದು ಸರಿ ಇಲ್ಲದಿದ್ದರೆ ಸ್ಪೀಕರ್ ಬದಲಿಸಲು ಓಡಬೇಡಿ, ಕಿವಿಗೊಟ್ಟು ಕೇಳಿ. ಇಂಜಿನ್ ಆಫ್, ಕೀ ಆನ್ ಇದ್ದಾಗ ಸ್ವಚ್ಛ ಇದ್ದು, ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಶುರುವಾಗಿ ಆಕ್ಸಿಲರೇಟರ್ ಜೊತೆ ಬಿರುಸಾದರೆ ಅದು ಸ್ಪಾರ್ಕ್ ಪ್ಲಗ್ಗಿನದ್ದು. ರೆಸಿಸ್ಟರ್ ಇರುವ ಪ್ಲಗ್ ಹಾಕಿ. ಎನ್‌ಜಿಕೆ ಪ್ಲಗ್ಗಾದರೆ ನಂಬರಿನ ನಡುವೆ ಆರ್ ಅಕ್ಷರ ನೋಡಿ. ಟಿಕ್ ಬದಲು ಸೊಳ್ಳೆಯಂಥ ಕುಯ್ಯಿ ಏರಿಳಿದರೆ ಚಾರ್ಜಿಂಗ್ ಕಡೆಯದ್ದು. ಸೆಟ್ಟಿನ ಕಪ್ಪು ಅರ್ತ್ ವಯರನ್ನು ಹ್ಯಾಂಡಲಿನ ಬೋಲ್ಟಿಗೆ ಕೊಟ್ಟಿದ್ದರೆ ಅಲ್ಲಿಂದ ತೆಗೆದು ನೇರ ಬ್ಯಾಟರಿ ನೆಗೆಟಿವ್‌ಗೆ ತಂದರೆ ಹೆಚ್ಚಾಗಿ ನಿಲ್ಲುತ್ತದೆ. ಎಫ್‌ಎಂನಲ್ಲಿ ಮಾತ್ರ ಹಿಸ್ಸೆಂದು, ಬ್ಲೂಟೂತ್‌ನಲ್ಲಿ ಇಲ್ಲದಿದ್ದರೆ ಹೊರಗಿನಿಂದ ಹಾಕಿಸಿದ ಎಲ್‌ಇಡಿ ಲೈಟನ್ನೋ ಅಗ್ಗದ ಯುಎಸ್‌ಬಿ ಚಾರ್ಜರನ್ನೋ ತೆಗೆದು ನೋಡಿ.

ವಯರ್‌ಗಳನ್ನು ಟ್ಯಾಂಕಿನ ಅಡಿಯಲ್ಲಿ, ಸಿಲಿಂಡರ್ ಹೆಡ್‌ನಿಂದ ದೂರ ಒಯ್ಯಿರಿ. ಹ್ಯಾಂಡಲಿನ ಕುತ್ತಿಗೆಯಲ್ಲಿ ಸ್ವಲ್ಪ ಸಡಿಲ ಬಿಡಿ, ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆತ ಇಲ್ಲವೆಂದು ನೋಡಿದ ಮೇಲೆಯೇ ಕೇಬಲ್ ಟೈ ಬಿಗಿಯಿರಿ. ಜೋಡಣೆಗಳಿಗೆ ಬೆಸುಗೆಗಿಂತ ಕ್ರಿಂಪ್, ಎಂದರೆ ಇಕ್ಕಳದಲ್ಲಿ ಅದುಮಿ ಕೂರಿಸುವುದು ಒಳ್ಳೆಯದು. ಬೆಸುಗೆ ಮುಗಿಯುವ ಅಂಚಿನಲ್ಲೇ ತಂತಿ ಮುರಿಯುವುದು. ಸೆಟ್ಟಿನ ಹಿಂಬದಿಗೆ ಹೋಗುವ ವಯರ್ ಅಲ್ಲಿಗೆ ಮುಟ್ಟುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು, ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಕಂಪನಿಯ ವಯರಿಂಗ್ ಎಲ್ಲಿಯೂ ಕತ್ತರಿಸಬೇಡಿ, ವಾರಂಟಿ ಮಾತಾಡುವಾಗ ಮೊದಲು ನೋಡುವುದು ಅದನ್ನೇ.

ಪರೀಕ್ಷೆಗೆ ತಲಪಾಡಿಯಿಂದ ತೆಂಕಕ್ಕೆ ಹೋಗಿ, 100.3 ಎಲ್ಲಿ ಮಂಕಾಗುತ್ತದೆ, 101.5 ಎಲ್ಲಿ ಗಟ್ಟಿಯಾಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಸಮುದ್ರದ ಬದಿಯವರು ಮೊದಲ ಜೋರು ಮಳೆಯ ವಾರ ಫ್ಯೂಸ್ ಹೋಲ್ಡರ್ ಬಿಚ್ಚಬೇಕು. ಒಳಗೆ ಹಸಿರು ಕಿಲುಬು ಕಂಡರೆ ಉಜ್ಜಿ ಪ್ರಯೋಜನವಿಲ್ಲ, ಕಿಲುಬು ವಯರಿನೊಳಗೂ ಹತ್ತಿರುತ್ತದೆ. ತಾಮ್ರ ಕೆಂಪಗೆ ಕಾಣುವವರೆಗೆ ಕತ್ತರಿಸಿ ಹೊಸ ಹೋಲ್ಡರ್ ಹಾಕಿ, ಈ ಸಲ ಗ್ರೀಸ್ ತುಂಬಿ.