ನಕಲಿ ಬ್ಯಾಂಕ್ ಎಪಿಐ: ರ್‍ಯಾಂಡಮ್ ಬಿಟ್ಟ ಮೇಲೆ ಕೆಲಸ ಹಿಡಿತಕ್ಕೆ ಬಂತು

ನಕಲಿ ಎಪಿಐ (ಬ್ಯಾಂಕಿನ ಸೇವೆಯಂತೆಯೇ ಉತ್ತರ ಕೊಡುವ ಅಣಕು ಸೇವೆ) ಮೇಲೆ ಪರೀಕ್ಷಿಸಿದ ತಂತ್ರಾಂಶವನ್ನು ದುಡ್ಡಿನ ವಿಷಯದಲ್ಲಿ ನಂಬಬಾರದು ಎಂದು ನಮ್ಮ ತಂಡದ ಹಿರಿಯರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಲು ಉತ್ಪಾದಕರ ಖಾತೆಗೆ ಬಟವಾಡೆ ಹಾಕುವ ನಮ್ಮ ತಂತ್ರಾಂಶ ವರ್ಷಕ್ಕೂ ಮೇಲ್ಪಟ್ಟು ಅದರ ಮೇಲೆಯೇ ಪರೀಕ್ಷೆಯಾಗಿ ಹೊರಬರುತ್ತಿದೆ. ಒಂದು ರೂಪಾಯಿಯೂ ತಪ್ಪು ಖಾತೆಗೆ ಹೋಗಿಲ್ಲ.

ಮೊದಲು ಖರ್ಚಿನ ಮಾತು. ಖಾತೆಗೆ ಒಂದು ರೂಪಾಯಿ ಹಾಕಿ ಖಾತೆದಾರರ ಹೆಸರು ತರುವ ಪೆನ್ನಿ ಡ್ರಾಪ್ ಕರೆಗೆ ಆಗ ಸುಮಾರು ಎರಡೂವರೆ ರೂಪಾಯಿ. ತಂತ್ರಾಂಶದ ಪ್ರತಿ ಹೊಸ ಬಿಲ್ಡ್‌ಗೂ ಎಲ್ಲ ಪರೀಕ್ಷೆ ಓಡುತ್ತಿದ್ದುದರಿಂದ ತಿಂಗಳಿಗೆ ಹದಿನೈದು ಸಾವಿರದ ಆಸುಪಾಸು ಬಿಲ್ ಬರುತ್ತಿತ್ತು. ಸೇವೆ ಕೊಡುವವರ ಪರೀಕ್ಷಾ ಅಂಗಳವಾದ ಸ್ಯಾಂಡ್‌ಬಾಕ್ಸ್ ಉಚಿತ, ಆದರೆ ಯಾವ ಖಾತೆ ಕೇಳಿದರೂ ಒಂದೇ ಹೆಸರು.

ಹಾಗಾಗಿ ನಮ್ಮದೇ ನಕಲಿ ಉತ್ತರ ಬೇಕಾಯಿತು. ಉತ್ತರಗಳನ್ನು ಮೊದಲೇ ಬರೆದಿಟ್ಟ ಸ್ಥಿರ ಜೇಸನ್ ಕಡತಗಳು ವಾರದೊಳಗೆ ಹಳಸಿದವು. ಅಸಲಿ ಉತ್ತರಗಳನ್ನು ರೆಕಾರ್ಡ್ ಮಾಡಿ ಮರುನುಡಿಸುವ ದಾರಿಯಲ್ಲಿ ರೈತರ ಮೊಬೈಲ್ ಸಂಖ್ಯೆಗಳು ಕೋಡ್ ಇಡುವ ರೆಪಾಸಿಟರಿಗೆ ಸೇರುವ ಅಪಾಯ, ಅದನ್ನು ಅಲ್ಲಿಗೇ ಕೈಬಿಟ್ಟೆವು. ಹುಸಿ ದತ್ತಾಂಶ ಹುಟ್ಟಿಸುವ ಫೇಕರ್ ಲೈಬ್ರರಿಯಿಂದ ಎಲ್ಲವನ್ನೂ ರ್‍ಯಾಂಡಮ್ ಮಾಡಿದಾಗ ಬೆಳಿಗ್ಗೆ ಪಾಸಾದ ಪರೀಕ್ಷೆ ಸಂಜೆ ಫೇಲ್, ಕಾರಣ ಹುಡುಕಲು ಹೋದರೆ ಆ ದತ್ತಾಂಶವೇ ಮಾಯ.

ದಾರಿ ಸಿಕ್ಕಿದ್ದು ಉತ್ತರವನ್ನು ಬೇಡಿಕೆಯಿಂದಲೇ ಹುಟ್ಟಿಸಿದಾಗ. ನಕಲಿ ಎಪಿಐ ನಡೆಸುವ ವೈರ್‌ಮಾಕ್ ಎಂಬ ಉಪಕರಣದ ಹ್ಯಾಂಡಲ್‌ಬಾರ್ಸ್ ಟೆಂಪ್ಲೇಟಿಗೆ (ಉತ್ತರದ ಅಚ್ಚಿಗೆ) ನಾನೇ ಬರೆದ ಒಂದು ಹೆಲ್ಪರ್, ಅಂದರೆ ಪುಟ್ಟ ಕೋಡ್, ಜೋಡಿಸಿದೆ. ಅದು ಖಾತೆ ಸಂಖ್ಯೆಯ ಹ್ಯಾಶ್ (ಅದೇ ಸಂಖ್ಯೆಗೆ ಸದಾ ಅದೇ ಫಲ ಕೊಡುವ ಲೆಕ್ಕ) ತೆಗೆದು ಪಟ್ಟಿಯಿಂದ ಹೆಸರು ಆರಿಸುತ್ತದೆ. ಒಂದು ಖಾತೆಗೆ ಎಂದೆಂದಿಗೂ ಒಂದೇ ಹೆಸರು. ಖಾತೆ ಸಂಖ್ಯೆಯ ಕೊನೆಯ ಎರಡು ಅಂಕಿ ನಕಲಿ ಎಪಿಐಯ ನಡವಳಿಕೆಯನ್ನು ತೀರ್ಮಾನಿಸುತ್ತವೆ: 11 ಇದ್ದರೆ ಹೆಸರು ತಾಳೆಯಾಗುವುದಿಲ್ಲ, 22ಕ್ಕೆ ಸಂಪರ್ಕ ನಡುವೆಯೇ ಕಡಿಯುತ್ತದೆ, 33ಕ್ಕೆ ಪಾವತಿ ದಾಖಲಾಗುತ್ತದೆ, ಉತ್ತರ ಮಾತ್ರ 40 ಸೆಕೆಂಡು ತಡ. ಈ 33 ನಮ್ಮನ್ನು ಉಳಿಸಿತು. ನಮ್ಮ ಕೋಡ್ 30 ಸೆಕೆಂಡಿಗೆ ತಾಳ್ಮೆ ಕಳೆದುಕೊಂಡು ಹೊಸ ಗುರುತು ಸಂಖ್ಯೆಯೊಂದಿಗೆ ಅದೇ ಬಟವಾಡೆಯನ್ನು ಮತ್ತೆ ಕಳಿಸುತ್ತಿತ್ತು. ಅಸಲಿ ಬ್ಯಾಂಕಿನಲ್ಲಾಗಿದ್ದರೆ ಎರಡು ಸಲ ಹಣ. ಬ್ಯಾಂಕ್ ಅದನ್ನು ಹೊಸ ಪಾವತಿ ಎಂದು ತಿಳಿಯದಂತೆ ಮರುಪ್ರಯತ್ನಕ್ಕೂ ಹಳೆಯ ಗುರುತು ಸಂಖ್ಯೆಯನ್ನೇ ಉಳಿಸಿದ ದಿನದಿಂದ ಹಿರಿಯರ ಆಕ್ಷೇಪಣೆ ನಿಂತಿತು.

ಹೆಸರಿನ ಪಟ್ಟಿಗೆ ನಾನು ಪಟ್ಟ ಶ್ರಮವನ್ನು ಹೇಳಲೇಬೇಕು. ಫೇಕರ್ ಕೊಡುವ ಹೆಸರುಗಳಲ್ಲಿ ‘ಬಿನ್’, ‘ಕೋಂ’ ಎಲ್ಲಿಂದ ಬರಬೇಕು? ‘ಲಕ್ಷ್ಮಮ್ಮ ಕೋಂ ಲೇಟ್ ತಿಮ್ಮೇಗೌಡ’ ಎಂಬ ಮಾದರಿಯನ್ನು ಟೆಂಪ್ಲೇಟಿಗೆ ಹಾಕಿದ ತಕ್ಷಣ ಡೇಟಾಬೇಸ್ ತಿರಸ್ಕರಿಸಿತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಒತ್ತಕ್ಷರ, ಗುಣಿತ ಎಲ್ಲ ಸೇರಿ ಆ ಹೆಸರು 78 ಬೈಟ್. ನಮ್ಮ ಕಾಲಮ್ಮಿಗೆ ಇದ್ದದ್ದು 60.

ಬ್ಯಾಂಕ್ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಸೊನ್ನೆಯೇ ಆಗಿರಬೇಕು, ಹುಸಿ ಸಂಕೇತಗಳಲ್ಲೂ ಅದನ್ನು ಪಾಲಿಸಿದೆ. ಆಧಾರ್ ವಿಷಯದಲ್ಲಿ ಉಲ್ಟಾ ಮಾಡಿದೆ: ಅಸಲಿ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ, ಆದ್ದರಿಂದ ನನ್ನ ಹುಸಿ ಸಂಖ್ಯೆಗಳೆಲ್ಲ 0ಯಿಂದಲೇ ಶುರು. ಯಾರದೋ ನಿಜವಾದ ಸಂಖ್ಯೆ ಸಿಕ್ಕಿಬೀಳುವ ಭಯವಿಲ್ಲ.

ನಡುವೆ ಇದೆಲ್ಲವನ್ನೂ ಮಾಕೂನ್ ಎಂಬ ಇನ್ನೊಂದು ನಕಲಿ ಎಪಿಐ ಉಪಕರಣದಲ್ಲಿ ಮಾಡಿ ನೋಡಿದೆ. ತೆರೆಯ ವಿನ್ಯಾಸ ಮಾಡುವವರಿಗೆ ಅದು ಸಾಕು, ಈಗಲೂ ಅವರು ಅದನ್ನೇ ಬಳಸುತ್ತಾರೆ. 2022ರ ಜನವರಿಯಲ್ಲಿ ಫೇಕರ್ ಜೆಎಸ್ ಅನ್ನು ಅದರ ಕರ್ತೃವೇ ಕೆಡಿಸಿದ ಪ್ರಸಂಗ ನೆನಪಿರುವವರಿಗೆ, ನಾನು ಹೆಸರಿನ ಪಟ್ಟಿಗಳನ್ನು ಹೊರಗಿನ ಲೈಬ್ರರಿ ನೆಚ್ಚದೆ ನಮ್ಮದೇ ರೆಪಾಸಿಟರಿಯಲ್ಲಿ ಏಕೆ ಇಟ್ಟಿದ್ದೇನೆ ಎಂದು ವಿವರಿಸಬೇಕಿಲ್ಲ.

ನಕಲಿ ಎಪಿಐ ಅಸಲಿಗಿಂತ ಹಿಂದುಳಿಯದಂತೆ ವಾರಕ್ಕೊಮ್ಮೆ ರಾತ್ರಿ ಕೆಲವೇ ಅಸಲಿ ಕರೆ ಮಾಡಿ ಉತ್ತರಗಳ ಆಕಾರವನ್ನು ಹೋಲಿಸುತ್ತೇನೆ. ಯಾವ ಕರೆಗಳನ್ನು ಆರಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ತಿಂಗಳ ಬಿಲ್ ಈಗ ಐನೂರು ದಾಟುವುದಿಲ್ಲ.